ಓದಲು ಪುಕ್ಕಟೆ, ಗೀಚಲು ಕಾಸು

ಪಿಡಿಎಫ್ ಹುಟ್ಟಿದ್ದು ಪುಟ ಅಲುಗದಂತೆ ಹಿಡಿದಿಡಲಿಕ್ಕೆ. ಒಂದು ಕಂಪ್ಯೂಟರಿನಲ್ಲಿ ಚೆಂದಗೆ ಕೂತಿದ್ದ ಪತ್ರವನ್ನು ಇನ್ನೊಂದರಲ್ಲಿ ತೆರೆದರೆ ಫಾಂಟು ಬದಲಾಗಿ, ಸಾಲು ಜಾರಿ, ಎಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲ ಅದು. ಅಡೋಬಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜಾನ್ ವಾರ್ನಾಕ್ 1990ರ ದಶಕದ ಆರಂಭದಲ್ಲಿ ‘ಕ್ಯಾಮೆಲಾಟ್’ ಎಂಬ ಪುಟ್ಟ ಯೋಜನಾ ಬರಹ ಬರೆದರು. ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ತೆಗೆದರೂ ಪುಟ ಒಂದೇ ಥರ ಕಾಣಬೇಕು ಎಂಬುದು ಅದರ ಹಂಬಲ. 1993ರ ಜೂನ್‌ನಲ್ಲಿ ಪಿಡಿಎಫ್‌ಗಾಗಿ ಅಡೋಬಿ ರೂಪಿಸಿದ ಅಕ್ರೊಬ್ಯಾಟ್ ತಂತ್ರಾಂಶ ಮಾರುಕಟ್ಟೆಗೆ ಬಂತು.

ಅಲುಗದ ಪುಟ ಸಿಕ್ಕಿತು, ಸರಿ. ಆದರೆ ಕಚೇರಿಯ ಕಡತವಾಗಲಿ, ಪುಸ್ತಕದ ಪ್ರೂಫಾಗಲಿ ಮುಂದಕ್ಕೆ ಸಾಗುವುದು ಅಂಚಿನ ಗೀಚುಗಳಿಂದಲೇ. ಪುಟದ ಮೇಲೆ ಚೀಟಿ ಅಂಟಿಸುವ ಸೌಕರ್ಯ ಮೊದಲ ಆವೃತ್ತಿಯಲ್ಲೇ ಇತ್ತು; ಅದಕ್ಕೆ ‘ಎಕ್ಸ್‌ಚೇಂಜ್’ ಎಂಬ ಬೇರೆ ತಂತ್ರಾಂಶ ಕೊಳ್ಳಬೇಕಿತ್ತು. ಬರೀ ಓದುವ ರೀಡರ್‌ಗೂ ಮೊದಲು 50 ಡಾಲರ್ ಬೆಲೆ. ಜನ ಮೂಸಿ ನೋಡಲಿಲ್ಲ. ಆಮೇಲೆ ಅದನ್ನು ಪುಕ್ಕಟೆ ಹಂಚಿದರು, ಪಿಡಿಎಫ್ ಊರೆಲ್ಲ ಹಬ್ಬಿತು. ಪೆನ್ಸಿಲ್ಲನ್ನು ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆಯೇ ಇಟ್ಟುಕೊಂಡರು.

1999ರ ಅಕ್ರೊಬ್ಯಾಟ್ 4ರ ಹೊತ್ತಿಗೆ ಹೈಲೈಟ್, ಅಡಿಗೆರೆ, ಹೊಡೆದುಹಾಕುವ ಗೆರೆ, ಮೊಹರು ಎಲ್ಲ ಸೇರಿದ್ದವು. ಇವು ಒಳಗೆ ಕೆಲಸ ಮಾಡುವ ರೀತಿ ಸೊಗಸಾಗಿದೆ. ನೀವು ಒಂದು ಸಾಲಿಗೆ ಹಳದಿ ಬಳಿದರೆ ಆ ಸಾಲನ್ನು ಯಾರೂ ಮುಟ್ಟುವುದಿಲ್ಲ. ಬಣ್ಣ ಬೀಳಬೇಕಾದ ನಾಲ್ಕು ಮೂಲೆಗಳ ಅಳತೆ, ಬಣ್ಣ, ಬಳಿದವರ ಹೆಸರು, ದಿನಾಂಕ ಇಷ್ಟೂ ಬೇರೆಯದೇ ಒಂದು ದಾಖಲೆಯಾಗುತ್ತದೆ. ಎಷ್ಟೋ ವೇಳೆ ಅದನ್ನು ಫೈಲಿನ ಬಾಲಕ್ಕೆ ಹೊಸದಾಗಿ ಜೋಡಿಸುತ್ತಾರೆ. ಹಾಗೆ ಜೋಡಿಸಿದಾಗ, ನೀವು ಅಳಿಸಿದೆನೆಂದುಕೊಂಡ ಖಾರದ ಟಿಪ್ಪಣಿಯೂ ಫೈಲಿನ ಹೊಟ್ಟೆಯಲ್ಲಿ ಉಳಿದಿರಬಹುದು! ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಹೋಗುವುದಿಲ್ಲ ಎಂಬುದೂ ಗೀಚು ಪುಟವನ್ನು ಮುಟ್ಟದಿರುವುದರ ಫಲವೇ. 2019ರಲ್ಲಿ ಅಮೆರಿಕದ ರಾಜಕೀಯ ಸಲಹೆಗಾರ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಕಪ್ಪು ಬಳಿದ ಸಾಲುಗಳನ್ನು ಸುದ್ದಿಗಾರರು ಸುಮ್ಮನೆ ಕಾಪಿ ಮಾಡಿ ಓದಿಬಿಟ್ಟರು.

ಟಿಪ್ಪಣಿ ಬೇರೆ, ಪುಟ ಬೇರೆ ಆದ್ದರಿಂದ ಹಂಚಿಕೊಳ್ಳುವುದೂ ಹಗುರವಾಯಿತು. ದಪ್ಪ ಫೈಲು ಇಬ್ಬರ ಬಳಿಯೂ ಇದ್ದರೆ ಟಿಪ್ಪಣಿಗಳನ್ನಷ್ಟೇ ಎಫ್‌ಡಿಎಫ್ ಎಂಬ ಪುಟ್ಟ ಕಡತದಲ್ಲಿ ಕಳಿಸಿದರೆ ಸಾಕು. ಆದರೆ ಪುಕ್ಕಟೆ ರೀಡರ್‌ನವರು ಬರೆಯುವುದು ಹೇಗೆ? 2005ರ ಅಕ್ರೊಬ್ಯಾಟ್ 7 ಪ್ರೊಫೆಷನಲ್ ಒಂದು ವಿಚಿತ್ರ ರಾಜಿ ತಂದಿತು: ಕಾಸು ಕೊಟ್ಟು ಕೊಂಡವರು ನಿರ್ದಿಷ್ಟ ಫೈಲಿಗೆ ಅನುಮತಿ ಬರೆದು ಕಳಿಸಿದರೆ, ಉಳಿದವರು ಅದರಲ್ಲಿ ಮಾತ್ರ ಗೀಚಬಹುದು. 2008ರಲ್ಲಿ ಪಿಡಿಎಫ್ ಐಎಸ್‌ಒ ಮಾನಕವಾಯಿತು. ಆ ಹೊತ್ತಿಗೆ ಮ್ಯಾಕ್‌ನ ಪ್ರಿವ್ಯೂ, ಲಿನಕ್ಸ್ ಮಂದಿಯ ಓಕ್ಯುಲರ್ ತಂತ್ರಾಂಶಗಳು ಪುಕ್ಕಟೆ ಪೆನ್ಸಿಲ್ ಕೊಡತೊಡಗಿದ್ದವು. ಕೊನೆಗೆ 2010ರಲ್ಲಿ ಅಡೋಬಿಯೂ ತನ್ನ ರೀಡರ್‌ನಲ್ಲಿ ಚೀಟಿ, ಹೈಲೈಟ್ ಎಲ್ಲರಿಗೂ ಬಿಟ್ಟುಕೊಟ್ಟಿತು. 2012ರಲ್ಲಿ ಉಳಿದ ಸಲಕರಣೆಗಳನ್ನೂ.

ಕನ್ನಡದಲ್ಲಿ ಕರಡು ತಿದ್ದುವವರಿಗೆ ಇನ್ನೊಂದು ಸಂಕಟ. ಪುಟದ ಮೇಲೆಯೇ ನೇರ ಟೈಪ್ ಮಾಡಿದರೆ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಕೂರುತ್ತದೆ. ಚೀಟಿಯೊಳಗೆ ಬರೆದರೆ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನ ಪುಸ್ತಕವಾದರೆ ಹೈಲೈಟ್ ಸರಿಯಾದ ಜಾಗಕ್ಕೇ ಬೀಳುತ್ತದೆ, ಅದಕ್ಕೆ ಬೇಕಿರುವುದು ಮೂಲೆಗಳ ಅಳತೆ ಮಾತ್ರವಲ್ಲವೆ. ಅದೇ ಪದವನ್ನು ಕಾಪಿ ಮಾಡಿ ಚೀಟಿಗೆ ಹಾಕಿ ನೋಡಿ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ.