ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸಣ್ಣಗಾಗಿರುವುದೇಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ಭಾಗದ ಜೈನ ಸಮಾಜದಲ್ಲಿ ಒಕ್ಕಲುತನದ ಮನೆತನಗಳು ಬಹಳ. ಎಪ್ಪತ್ತು ದಾಟಿದರೂ ಕಬ್ಬಿಗೆ ನೀರು ಹಾಯಿಸಿ ಬರುವ ಹಿರಿಯರು ಇಲ್ಲಿ ಅಪರೂಪವಲ್ಲ. ಅಂಥವರೇ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ಮಿರಜಿಗೋ ಬೆಳಗಾವಿಗೋ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಒಂದೂವರೆ ತಿಂಗಳು ಮಲಗುತ್ತಾರೆ. ಬಿಚ್ಚಿದ ದಿನ ನೋಡಿದರೆ ಒಂದು ಕಾಲು ಇನ್ನೊಂದಕ್ಕಿಂತ ಸಣ್ಣಗಾಗಿರುತ್ತದೆ. ಎಲುಬು ಕೂಡಿದೆ ಎಂದು ಡಾಕ್ಟರು ಹೇಳಿದರೂ ಎದ್ದು ನಿಲ್ಲಲು ಆಗುವುದಿಲ್ಲ. ಮನೆಯವರು ರಕ್ತ ಕಡಿಮೆಯಾಗಿದೆ ಎಂದು ಟಾನಿಕ್ ತರುತ್ತಾರೆ. ಆದರೆ ಕಾರಣ ಬೇರೆ ಇದೆ.

ಎಲುಬಿಗೆ ಅಂಟಿಕೊಂಡು ಅದನ್ನು ಆಡಿಸುವ ಸ್ನಾಯು ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಅದರ ಪ್ರೋಟೀನಿನಲ್ಲಿ ದಿನಕ್ಕೆ ಶೇ. 1ರಿಂದ 2ರಷ್ಟು ಒಡೆಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊಸದಾಗಿ ಕಟ್ಟಲ್ಪಡುತ್ತದೆ. ನಡೆದಾಡುವವರಲ್ಲಿ ಈ ಜಮಾ-ಖರ್ಚು ಸರಿಹೋಗುತ್ತದೆ. ಕಾಲು ಅಲುಗಾಡದೆ ಬಿದ್ದಾಗ ಮುಖ್ಯವಾಗಿ ಜಮಾ ಕಡೆಯೇ ಕುಸಿಯುತ್ತದೆ, ಅಂದರೆ ಹೊಸ ಪ್ರೋಟೀನ್ ಕಟ್ಟುವ ಕೆಲಸ ನಿಧಾನವಾಗುತ್ತದೆ. ಜ್ವರ, ಸೋಂಕು, ದೊಡ್ಡ ಗಾಯ ಜೊತೆಗಿದ್ದರೆ ಒಡೆಯುವುದೂ ಹೆಚ್ಚುತ್ತದೆ. ಇನ್ನೂ ಒಂದು ತೊಂದರೆಯೆಂದರೆ, ಊಟದಿಂದ ಬಂದ ಪ್ರೋಟೀನನ್ನು ಕೆಲಸವಿಲ್ಲದ ಸ್ನಾಯು ಮೊದಲಿನಂತೆ ಬಳಸಿಕೊಳ್ಳುವುದಿಲ್ಲ. ಅಂಗಡಿಗೆ ಮಾಲು ಬಂದಿದೆ, ಇಳಿಸಿಕೊಳ್ಳುವ ಹಮಾಲರಿಲ್ಲ.

ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಲಾಯಿತು. ಶಿಫಾರಸಿನಷ್ಟು ಪ್ರೋಟೀನ್ ಕೊಟ್ಟರೂ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ವೇಗ ಸುಮಾರು ಶೇ. 30ರಷ್ಟು ಇಳಿಯಿತು. ಕಾಲುಗಳಿಂದಲೇ ಒಂದು ಕಿಲೋಗೆ ಹತ್ತಿರ ಮಾಂಸಖಂಡ ಹೋಯಿತು. ಇವರಾರಿಗೂ ರೋಗವಿರಲಿಲ್ಲ, ಕಾಲೂ ಮುರಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ತರುಣರೂ ಇದಕ್ಕೆ ಹೊರತಲ್ಲ. ನೆದರ್ಲೆಂಡ್ಸ್‌ನಲ್ಲಿ ತರುಣರ ಒಂದು ಕಾಲನ್ನು 5 ದಿನ ಕಟ್ಟಿಟ್ಟಾಗ ತೊಡೆಯ ಮುಂಭಾಗದ ಸ್ನಾಯು ಶೇ. 3.5ರಷ್ಟು ಕುಗ್ಗಿತು, ಬಲ ಶೇ. 9ರಷ್ಟು ಇಳಿಯಿತು.

ನಮ್ಮ ಮನೆಗಳಲ್ಲಿ ಆಗುವ ತಪ್ಪು ಪ್ರೀತಿಯಿಂದಲೇ ಆಗುತ್ತದೆ. "ಅಪ್ಪಾ, ನೀವು ಏಳಬ್ಯಾಡ್ರಿ, ಎಲ್ಲಾ ಅಲ್ಲೇ ತಂದ್ ಕೊಡ್ತೀವಿ" ಎನ್ನುತ್ತಾರೆ. ಮಲಗಿದವರಿಗೆ ಜೀರ್ಣವಾಗದೆಂದು ಬೇಳೆ, ಕಾಳು ಬಿಡಿಸಿ ಗಂಜಿ, ತಿಳಿಸಾರು-ಅನ್ನ ಕೊಡುತ್ತಾರೆ. ಕಟ್ಟುವ ಕೆಲಸವೇ ಕುಂಟುತ್ತಿರುವಾಗ ಸಾಮಾನೂ ಕಡಿಮೆಯಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಇನ್ನೂ ಸ್ವಲ್ಪ ಹೆಚ್ಚು. ಇದಕ್ಕೆ ನಮ್ಮ ಆಹಾರ ಪದ್ಧತಿ ಬಿಡಬೇಕಾಗಿಲ್ಲ. 100 ಗ್ರಾಂ ಒಣ ಹೆಸರುಕಾಳಿನಲ್ಲಿ, ಅಷ್ಟೇ ಶೇಂಗಾದಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಹಾಲು, ಮೊಸರು, ಪುಟಾಣಿ, ಮಡಕಿಕಾಳು ಇವೆ. ಸೂರ್ಯಾಸ್ತದ ನಂತರ ಉಣ್ಣದವರಿಗೆ ಬೆಳಗಿನವರೆಗೆ ದೀರ್ಘ ಅಂತರವಿರುವುದರಿಂದ ಬೆಳಗಿನ ನಾಷ್ಟಾದಲ್ಲೂ ಸಂಜೆಯ ಊಟದಲ್ಲೂ ಕಾಳು ಅಥವಾ ಹಾಲು ತಪ್ಪಬಾರದು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಪ್ಲಾಸ್ಟರ್ ಇರುವಾಗಲೇ ದಶಲಕ್ಷಣ ಪರ್ವ ಬಂದರೆ ಏಕಾಶನ, ಉಪವಾಸದ ಬಗ್ಗೆಯೂ ಮೊದಲೇ ಕೇಳಬೇಕು. ಪರ್ವ ಮುಂದಿನ ವರ್ಷವೂ ಬರುತ್ತದೆ.

ಬರೀ ಊಟದಿಂದ ಕಾಲು ಉಳಿಯದು. ಸ್ನಾಯು ಬಿಗಿದಾಗಲೇ ಕಟ್ಟುವ ಕೆಲಸಕ್ಕೆ ಸೂಚನೆ ಹೋಗುತ್ತದೆ. ಡಾಕ್ಟರು ಒಪ್ಪಿದರೆ ಪ್ಲಾಸ್ಟರಿನೊಳಗೇ ತೊಡೆಯನ್ನು ಬಿಗಿಹಿಡಿದು ಬಿಡುವುದು, ಬೆರಳು ಆಡಿಸುವುದು, ಇನ್ನೊಂದು ಕಾಲನ್ನು ಮಡಚಿ ಚಾಚುವುದು, ಊಟಕ್ಕಾದರೂ ಎದ್ದು ಕುರ್ಚಿಯಲ್ಲಿ ಕೂರುವುದು, ಇಷ್ಟನ್ನು ಮೊದಲ ವಾರದಿಂದಲೇ ಮಾಡಬಹುದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿಸ್ಟ್ ಹೇಳಿದಂತೆ, ಕೈಹಿಡಿಯಿರುವ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಪಕ್ಕದಲ್ಲಿ ಒಬ್ಬರು ನಿಂತು ಕೂತು-ಏಳುವ ಅಭ್ಯಾಸ ಮಾಡಿಸಬೇಕು. ಹಿರಿಯರಲ್ಲಿ ಹೋದ ಬಲ ತಿರುಗಿ ಬರಲು ತರುಣರಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಎರಡು ವಾರಕ್ಕೇ ಬೇಸತ್ತು ಬಿಡಿಸಬಾರದು.