ಸೇವಾದಳ ಕಟ್ಟಿದ ಡಾಕ್ಟರು

ವೈದ್ಯರೊಬ್ಬರು ಶಾಸನಸಭೆಯ ಮೆಟ್ಟಿಲೇರುವುದು ತಿ. ನರಸೀಪುರದವರಿಗೆ ಹೊಸದಲ್ಲ. ವೈದ್ಯ ಪದವೀಧರರಾದ ಡಾ. ಎಚ್.ಸಿ. ಮಹದೇವಪ್ಪನವರನ್ನು ಈ ಕ್ಷೇತ್ರ 1985ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಆರಿಸಿ ಕಳಿಸಿತು. ದೂರದ ಅಮೆರಿಕದಲ್ಲಿ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೂ ಬೆಂಜಮಿನ್ ರಶ್ ಅವರಂಥ ವೈದ್ಯರಿದ್ದರು. ಕನ್ನಡ ನಾಡಿನಲ್ಲಿ ಈ ದಾರಿಯನ್ನು ಬಹು ಹಿಂದೆಯೇ ತುಳಿದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್.

1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದ ಹರ್ಡೀಕರರು ಕಲ್ಕತ್ತೆಯಲ್ಲಿ ವೈದ್ಯವಿದ್ಯೆ ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಉನ್ನತ ವ್ಯಾಸಂಗ ಮಾಡಿದರು. ಒಬ್ಬ ರೋಗಿಯ ನಾಡಿ ಹಿಡಿಯುವುದಷ್ಟೇ ಅಲ್ಲ, ಇಡೀ ಊರನ್ನೇ ರೋಗದಿಂದ ಕಾಪಾಡುವುದು ಹೇಗೆಂಬುದು ಆ ವಿದ್ಯೆಯ ತಿರುಳು. ಅಲ್ಲಿಯೇ ಲಾಲಾ ಲಜಪತರಾಯರ ಸಂಗ ದೊರೆಯಿತು. 1917ರಲ್ಲಿ ನ್ಯೂಯಾರ್ಕಿನಲ್ಲಿ ಲಾಲಾಜಿ ಸ್ಥಾಪಿಸಿದ ಹೋಂರೂಲ್ ಲೀಗಿಗಾಗಿ ಹರ್ಡೀಕರರು ದುಡಿದರು. ತಾಯ್ನಾಡಿಗೆ ಮರಳಿದ ಮೇಲೆ ಹಣ ತರುವ ವೃತ್ತಿಯ ಬೆನ್ನು ಹತ್ತದೆ, ಹುಬ್ಬಳ್ಳಿಯ ತರುಣರನ್ನು ಸಂಘಟಿಸಿದರು.

1923ರ ನಾಗಪುರ ಧ್ವಜ ಸತ್ಯಾಗ್ರಹ ಅವರ ಪಾಲಿಗೆ ಅಗ್ನಿಪರೀಕ್ಷೆ. ಸೆರೆಮನೆಯ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಜಗ್ಗಲಿಲ್ಲ. ಉತ್ಸಾಹವೊಂದಿದ್ದರೆ ಸಾಲದು, ಶಿಸ್ತಿನ ತರಬೇತಿಯೂ ಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆ ಎದ್ದು ಕಂಡಿತು; ಮಹಿಳಾ ವಿಭಾಗದ ಹೊಣೆ ಉಮಾಬಾಯಿ ಕುಂದಾಪುರ ಅವರದಾಗಿತ್ತು. ದಳದ ಬಲವನ್ನರಿತ ಬ್ರಿಟಿಷ್ ಸರ್ಕಾರ 1932ರಲ್ಲಿ ಅದನ್ನು ನಿಷೇಧಿಸಿತು.

ಹಾಗೆಂದು ಹರ್ಡೀಕರರು ವೈದ್ಯವಿದ್ಯೆಯನ್ನು ಮರೆಯಲಿಲ್ಲ. 1929ರಲ್ಲಿ ಘಟಪ್ರಭಾದಲ್ಲಿ ತಲೆಯೆತ್ತಿದ ಕರ್ನಾಟಕ ಆರೋಗ್ಯ ಧಾಮದ ಸ್ಥಾಪಕರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನರಸಿ ಬಂತು. 1975ರ ಆಗಸ್ಟ್ 26ರಂದು ನಿಧನರಾದರು.

ಮಕ್ಕಳು ಡಾಕ್ಟರಾಗಲಿ ಎಂದು ಹಂಬಲಿಸದ ತಂದೆತಾಯಿಯರು ವಿರಳ. ಕಲಿತ ವಿದ್ಯೆ ಮನೆಯ ಬಾಗಿಲಲ್ಲಿ ನಾಮಫಲಕವಾಗಿ ನಿಲ್ಲಬೇಕೆ ಅಥವಾ ಬೀದಿಗಿಳಿದು ನಾಲ್ಕು ಜನರ ಕೈ ಹಿಡಿಯಬೇಕೆ ಎಂಬುದನ್ನು ಮಾತ್ರ ಕಲಿತವರೇ ನಿರ್ಧರಿಸಬೇಕು. ಹರ್ಡೀಕರರು ತಮ್ಮ ಉತ್ತರವನ್ನು ಬದುಕಿ ತೋರಿಸಿದರು.