ತೆಳುಗಾಳಿ, ಹಿಮದ ರನ್‌ವೇ: ನಾರ್ವೆಯ 331ನೇ ಸ್ಕ್ವಾಡ್ರನ್

1940ರ ಏಪ್ರಿಲ್ 9ರಂದು ಜರ್ಮನಿಯ ಸೇನೆ ನಾರ್ವೆಗೆ ನುಗ್ಗಿದಾಗ, ಓಸ್ಲೋ ನಗರವನ್ನು ಕಾಯಲು ಇದ್ದದ್ದು ಬೆರಳೆಣಿಕೆಯ ಗ್ಲಾಡಿಯೇಟರ್ ವಿಮಾನಗಳು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿದ್ದ ಹಳೆಯ ಕಾಲದ ಯಂತ್ರಗಳವು. ಎರಡೇ ತಿಂಗಳಲ್ಲಿ ದೊರೆ ಹೋಕನ್ ಮತ್ತು ಸರ್ಕಾರ ಬ್ರಿಟನ್ನಿಗೆ ಹೋಗಬೇಕಾಯಿತು. ನೆಲ ಕಳೆದುಕೊಂಡ ದೇಶವೊಂದು ಕೆನಡಾದ ಟೊರಾಂಟೊ ನಗರದ ಸರೋವರ ದಂಡೆಯಲ್ಲಿ ‘ಲಿಟಲ್ ನಾರ್ವೆ’ ಎಂಬ ತರಬೇತಿ ಶಿಬಿರ ತೆರೆದು ಪೈಲಟ್‌ಗಳನ್ನು ತಯಾರು ಮಾಡಿತು. 1941ರ ಜುಲೈನಲ್ಲಿ ಇಂಗ್ಲೆಂಡಿನ ಕ್ಯಾಟರಿಕ್‌ನಲ್ಲಿ 331ನೇ ಸ್ಕ್ವಾಡ್ರನ್ ಹುಟ್ಟಿತು. ಬ್ರಿಟಿಷ್ ವಾಯುಪಡೆಯ ಭಾಗವಾಗಿದ್ದರೂ ಹಾರುತ್ತಿದ್ದವರು ನಾರ್ವೆಯವರು.

ದಳ ಮೊದಲು ಹಾರಿಸಿದ್ದು ಹರಿಕೇನ್ ಯುದ್ಧವಿಮಾನ, ಕೆಲವೇ ತಿಂಗಳಲ್ಲಿ ಸ್ಪಿಟ್‌ಫೈರ್. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ನೌಕಾನೆಲೆ ಕಾಯುವ ಕೆಲಸ ಮುಗಿಸಿ 1942ರ ಮೇ ತಿಂಗಳಲ್ಲಿ ದಳ ಲಂಡನ್ನಿಗೆ ಹತ್ತಿರದ ನಾರ್ತ್ ವೀಲ್ಡ್‌ಗೆ ಬಂತು. ಸೋದರ ದಳ 332 ಅಲ್ಲಿ ಜೊತೆಗೂಡಿತು. ಅಲ್ಲಿಂದ ಕಡಲ ಕಾಲುವೆ ದಾಟಿದರೆ ಎದುರಾಗುತ್ತಿದ್ದುದು ಜರ್ಮನಿಯ ಹೊಸ ವಿಮಾನ ಫೋಕ್-ವುಲ್ಫ್ 190. ಸ್ಪಿಟ್‌ಫೈರ್‌ನ ಐದನೇ ಮಾದರಿ ಅದರ ಮುಂದೆ ಮಂಕಾಯಿತು. ಪೈಲಟ್‌ನ ಧೈರ್ಯ, ಕೌಶಲ ಎಷ್ಟೇ ಇರಲಿ, ಎಂಜಿನ್‌ಗೆ ಉಸಿರು ಸಾಲದಿದ್ದರೆ ಅವೆಲ್ಲ ವ್ಯರ್ಥ.

ಉಸಿರು ಎಂದದ್ದು ಸುಮ್ಮನೆ ಅಲ್ಲ. ಪೆಟ್ರೋಲ್ ಉರಿಯಲು ಆಮ್ಲಜನಕ ಬೇಕು. ಸುಮಾರು ಆರೂವರೆ ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕವೂ ಅರ್ಧವೇ. ಒಲೆಗೆ ಊದುಕೊಳವೆಯಿಂದ ಗಾಳಿ ಕೊಡುವಂತೆ ಇಲ್ಲಿ ಸೂಪರ್‌ಚಾರ್ಜರ್ ಎಂಬ ಯಂತ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುರುಕುತ್ತದೆ. ಹಳೆಯ ಮಾದರಿಯಲ್ಲಿ ಗಾಳಿಯನ್ನು ಒಂದೇ ಸಲ ಒತ್ತುತ್ತಿದ್ದರು. ರೋಲ್ಸ್-ರಾಯ್ಸ್ ಕಂಪನಿಯ ಮರ್ಲಿನ್ 61 ಎಂಜಿನ್‌ನಲ್ಲಿ ಎರಡು ಹಂತ: ಒಮ್ಮೆ ಒತ್ತಿದ ಗಾಳಿಯನ್ನು ಇನ್ನೊಮ್ಮೆ ಒತ್ತುವುದು. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಮತ್ತೆ ಹಿಗ್ಗಲು ನೋಡುತ್ತದೆ. ಹಾಗಾಗಿ ಅದನ್ನು ತಣಿಸಲು ಒಂದು ಇಂಟರ್‌ಕೂಲರ್. ಈ ಎಂಜಿನ್ ಹೊತ್ತ ಒಂಬತ್ತನೇ ಮಾದರಿಯ ಸ್ಪಿಟ್‌ಫೈರ್ 1942ರ ಕೊನೆಗೆ 331ರ ಕೈಸೇರಿತು. ದೂರದಿಂದ ನೋಡಿದರೆ ಹಳೆಯದಕ್ಕೂ ಹೊಸದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಎದುರಾಳಿಗೆ ಅದು ಗೊತ್ತಾಗುತ್ತಿದ್ದುದು ತೀರಾ ಹತ್ತಿರ ಬಂದ ಮೇಲೆ.

1943ರಲ್ಲಿ ನಾರ್ತ್ ವೀಲ್ಡ್‌ನ ನಾರ್ವೆ ಪಡೆ ಬ್ರಿಟನ್ನಿನ ಅತ್ಯಂತ ಯಶಸ್ವಿ ಪಡೆಗಳ ಸಾಲಿಗೆ ಬಂತು. ನಾರ್ವೆಯ ಶ್ರೇಷ್ಠ ಯುದ್ಧವಿಮಾನ ಪೈಲಟ್ ಎನಿಸಿದ ಸ್ವೆಯ್ನ್ ಹೆಗ್ಲುಂಡ್ ಹಾರಿದ್ದು ಇದೇ 331ರಲ್ಲಿ. ಯಶಸ್ಸಿಗೆ ತೆತ್ತ ಬೆಲೆಯೂ ದೊಡ್ಡದು. ಪಡೆಯನ್ನು ಮುನ್ನಡೆಸಿದ ರೋಲ್ಫ್ ಆರ್ನೆ ಬರ್ಗ್ ಯುದ್ಧ ಮುಗಿಯಲು ಮೂರೇ ತಿಂಗಳಿರುವಾಗ, 1945ರ ಫೆಬ್ರವರಿಯಲ್ಲಿ ಹತರಾದರು. ಅದೇ ವರ್ಷದ ಮೇ ತಿಂಗಳಲ್ಲಿ ದಳ ತಾಯ್ನಾಡಿಗೆ ಹಾರಿತು.

ಶಾಂತಿಕಾಲದಲ್ಲಿ ದಳದ ಮನೆಯಾದದ್ದು ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕಿರುವ ಬೋಡೊ. ಇಲ್ಲಿ ಸವಾಲು ಎತ್ತರದಿಂದ ನೆಲಕ್ಕಿಳಿಯಿತು. 1963ರಲ್ಲಿ ಬಂದ ಎಫ್-104 ಸ್ಟಾರ್‌ಫೈಟರ್‌ಗೆ ಚಿಕ್ಕ ಮೊಂಡು ರೆಕ್ಕೆ. ಶಬ್ದವನ್ನು ಮೀರುವ ವೇಗಕ್ಕೆ ಅದು ಅನುಕೂಲ, ಇಳಿಯುವಾಗ ಸಂಕಟ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಬೇಕು, ಅದೂ ಹಿಮಗಟ್ಟಿದ ರನ್‌ವೇ ಮೇಲೆ.

ಚಕ್ರದ ಬ್ರೇಕ್ ಕೆಲಸ ಮಾಡುವುದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆಯಿಂದ. ಒಣ ಕಾಂಕ್ರೀಟಿಗೆ ಹೋಲಿಸಿದರೆ ಹಸಿ ಮಂಜುಗಡ್ಡೆಯ ಮೇಲೆ ಆ ಹಿಡಿತ ಹತ್ತನೇ ಒಂದು ಭಾಗಕ್ಕೂ ಇಳಿಯಬಹುದು. ಸಾಲದ್ದಕ್ಕೆ, ನೆಲ ಮುಟ್ಟಿದ ಮೊದಲ ಕ್ಷಣಗಳಲ್ಲಿ ರೆಕ್ಕೆ ಇನ್ನೂ ವಿಮಾನವನ್ನು ಮೇಲಕ್ಕೆತ್ತುತ್ತಲೇ ಇರುವುದರಿಂದ ಚಕ್ರದ ಮೇಲೆ ಪೂರ್ತಿ ಭಾರವೂ ಬಿದ್ದಿರುವುದಿಲ್ಲ. ಹಿಂದಿನಿಂದ ಬಿಚ್ಚಿಕೊಳ್ಳುವ ಪ್ಯಾರಾಚೂಟ್‌ಗೆ ಈ ತೊಡಕಿಲ್ಲ. ಅದರ ಆಧಾರ ನೆಲವಲ್ಲ, ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ಅಂದರೆ ಬ್ರೇಕ್ ಅತಿ ದುರ್ಬಲವಾಗಿರುವ ಕ್ಷಣದಲ್ಲೇ ಪ್ಯಾರಾಚೂಟ್ ಅತಿ ಬಲಿಷ್ಠ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಇಷ್ಟು ಸರಿಯಾಗಿ ತುಂಬುವ ಜೋಡಿ ವಿಮಾನಶಾಸ್ತ್ರದಲ್ಲಿ ಅಪರೂಪ. ಚಳಿಯಿಂದ ಒಂದು ಉಪಕಾರವೂ ಉಂಟು: ಮೈನಸ್ 20 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 14ರಷ್ಟು ದಟ್ಟ. ರೆಕ್ಕೆಗೆ ಹೆಚ್ಚು ಆಸರೆ ಸಿಗುವುದರಿಂದ ವಿಮಾನ ತುಸು ಕಡಿಮೆ ವೇಗದಲ್ಲೇ ಇಳಿಯಬಲ್ಲದು.

1980ರ ದಶಕದಲ್ಲಿ ಎಫ್-16 ಬಂದಾಗ ನಾರ್ವೆ ತನ್ನ ವಿಮಾನಗಳ ಬಾಲದ ಬುಡದಲ್ಲಿ ಪ್ಯಾರಾಚೂಟಿಗೆಂದೇ ಜಾಗ ಮಾಡಿಸಿಕೊಂಡಿತು. 2022ರ ಜನವರಿಯಲ್ಲಿ ಬೋಡೊದ ಎಫ್-16ಗಳಿಂದ ಕಾವಲಿನ ಹೊಣೆ ಎವೆನೆಸ್ ನೆಲೆಯ ಎಫ್-35ಗಳಿಗೆ ದಾಟಿತು. ರೇಡಾರಿಗೆ ಸುಲಭವಾಗಿ ಸಿಗಬಾರದೆಂದು ರೂಪಿಸಿದ ಆ ವಿಮಾನದ ಬೆನ್ನ ಮೇಲೆ ಪ್ಯಾರಾಚೂಟಿಗಾಗಿ ಹೊಸದೊಂದು ಉಬ್ಬು ಸೇರಿಸುವುದು ಸಣ್ಣ ಕೆಲಸವಾಗಿರಲಿಲ್ಲ. ನಾರ್ವೆ ಹಠ ಬಿಡಲಿಲ್ಲ. ಎರಡು ಬಾಲಗಳ ನಡುವೆ ಪ್ಯಾರಾಚೂಟಿನ ಗೂಡು ಕೂರಿಸಿ, ಅಲಾಸ್ಕಾದ ಹಿಮದಲ್ಲೂ ತನ್ನ ಓರ್ಲಾಂಡ್ ನೆಲೆಯಲ್ಲೂ ಪರೀಕ್ಷೆ ನಡೆಸಲಾಯಿತು. ಈ ಹಠ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ತನ್ನ ಹವೆಯನ್ನು ಬಲ್ಲ ದೇಶವೇ ತನ್ನ ಯಂತ್ರಕ್ಕೆ ಏನು ಬೇಕೆಂದು ಹೇಳಬೇಕು. ಈಗ ಪೋಲೆಂಡ್ ಕೂಡ ತಾನು ಕೊಳ್ಳುತ್ತಿರುವ ಎಫ್-35ಗಳಿಗೆ ಅದೇ ಪ್ಯಾರಾಚೂಟನ್ನು ಹಾಕಿಸಿಕೊಳ್ಳುತ್ತಿದೆ.